ಮಂಗ ಬಗ್ಗಿಸಿದ ಆಂಟೆನಾ

ಕಳೆದ ಡಿಸೆಂಬರ್‌ನಲ್ಲಿ ಒಂದು ಸಂಜೆ. ಅಂಗಳದಲ್ಲಿ ಒಣಗಿದ ಅಡಿಕೆ ರಾಶಿ ಮಾಡುತ್ತಿದ್ದೆವು. ಆಯಿ ಸೊಂಟಕ್ಕೆ ಕೈಕೊಟ್ಟು ಮೇಲೆ ನೋಡಿದಳು. ಸಮುದ್ರದ ಕಡೆಯಿಂದ ಒಂದು ಬಿಳಿ ಗೆರೆ, ಬಯಲುಸೀಮೆ ಕಡೆಯಿಂದ ಇನ್ನೊಂದು. ಎದುರುಬದುರು, ಒಂದೇ ದಾರಿ. "ತಮಾ, ಅವು ತಾಗ್ತಿಲ್ಯ?" ಎಂದಳು. ತಾಗಲಿಲ್ಲ. ಒಂದರ ಕೆಳಗೆ ಇನ್ನೊಂದು ನುಸುಳಿ ಹೋಯಿತು. ನಾನು ಒಳಗೆ ಓಡಿ ಲ್ಯಾಪ್‌ಟಾಪ್ ನೋಡಿದೆ. ಒಂದು 37,000 ಅಡಿ, ಇನ್ನೊಂದು 36,000.

ಶಿರಸಿ ಹತ್ತಿರದ ನಮ್ಮ ಮನೆಯ ಮಾಡಿಗೆ ಬಿದಿರ ಗಳ ಕಟ್ಟಿ ಒಂದು ಆಂಟೆನಾ ಏರಿಸಿದ್ದೇನೆ. ಆಂಟೆನಾ ಎಂದರೆ ದೊಡ್ಡದೇನಲ್ಲ, 6.9 ಸೆಂಟಿಮೀಟರ್ ತಾಮ್ರದ ತಂತಿ. ಅದರ ಬುಡಕ್ಕೆ ಟಿವಿ ನೋಡಲೆಂದು ಮಾಡಿದ ಒಂದು ಯುಎಸ್‌ಬಿ ಕಡ್ಡಿ. ವಿಮಾನಗಳು 1090 ಮೆಗಾಹರ್ಟ್ಸ್‌ನಲ್ಲಿ ತಮ್ಮ ಗುರುತು, ಜಾಗ, ಎತ್ತರ ಕೂಗುತ್ತಲೇ ಹೋಗುತ್ತವೆ. ನನ್ನ ತಂತಿ ಅದನ್ನು ಕದ್ದು ಕೇಳುತ್ತದೆ, ಅಷ್ಟೇ.

ನಾಲ್ಕು ದಿನ ನೋಡಿದರೆ ಲೆಕ್ಕ ಸಿಕ್ಕಿಬಿಡುತ್ತದೆ. ಗಲ್ಫ್‌ನಿಂದ ಬೆಂಗಳೂರು ಕಡೆ ಹೋಗುವವು 35, 37, 39 ಸಾವಿರದಲ್ಲಿ. ವಾಪಸ್ ಹೋಗುವವು 36, 38ರಲ್ಲಿ. ಪೂರ್ವಕ್ಕೆ ಬೆಸ, ಪಶ್ಚಿಮಕ್ಕೆ ಸಮ. ನಡುವೆ 1,000 ಅಡಿ, ಅಂದರೆ ಸುಮಾರು 300 ಮೀಟರ್. ನಮ್ಮ ಜಗುಲಿಯಿಂದ ತೋಟದ ತಲೆಗೆ ಹೋದಷ್ಟು. ಮೊದಲು 29,000 ಅಡಿಯ ಮೇಲೆ ಇದರ ಎರಡರಷ್ಟು ಅಂತರ ಇತ್ತು. ಅಲ್ಲಿ ಗಾಳಿ ತೆಳು, ಎತ್ತರ ಅಳೆಯುವ ಉಪಕರಣದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಉಪಕರಣ ಸುಧಾರಿಸಿತು. ನಮ್ಮಲ್ಲಿ 2003ರ ನವೆಂಬರ್‌ನಲ್ಲಿ ಅಂತರ ಅರ್ಧವಾಯಿತು.

ತಮಾಷೆ ಏನೆಂದರೆ ಆ 37,000 ನಿಜವಾದ 37,000 ಅಲ್ಲ. ವಿಮಾನ ಎತ್ತರ ಅಳೆಯೋದು ಗಾಳಿಯ ಒತ್ತಡದಿಂದ. ಅಷ್ಟು ಮೇಲೆ ಹೋದಾಗ ಎಲ್ಲ ಪೈಲಟ್‌ಗಳೂ 1013.25 ಹೆಕ್ಟೊಪಾಸ್ಕಲ್ ಎಂಬ ಒಂದೇ ಅಂಕಿ ಇಟ್ಟುಕೊಳ್ಳುತ್ತಾರೆ. ಕೆಳಗೆ ಕುಮಟಾದಲ್ಲಿ ಮಳೆಗಾಲದ ಒತ್ತಡ ಎಷ್ಟೇ ಇಳಿದಿರಲಿ. ತಪ್ಪಾದರೆ ಎಲ್ಲರದ್ದೂ ಒಂದೇ ತಪ್ಪು. ಊರಿನ ಎಲ್ಲ ಗಡಿಯಾರವೂ ಐದು ನಿಮಿಷ ಮುಂದಿದ್ದರೆ, ಬಸ್‌ನವನದ್ದೂ ಸೇರಿ, ಯಾರಿಗೂ ಬಸ್ ತಪ್ಪೋದಿಲ್ಲ ಅಲ್ವಾ?

ಶಿರಸಿಯಿಂದ ಕುಮಟಾಕ್ಕೆ 60 ಕಿಲೋಮೀಟರ್. ದೇವಿಮನೆ ಘಟ್ಟ ಇಳಿದು ಹೋಗಲು ಬಸ್ಸಿಗೆ ಎರಡು ತಾಸು ಹತ್ತಿರ ಬೇಕು. ಎದುರುಬದುರು ಬರುವ ಎರಡು ಜೆಟ್‌ಗಳ ನಡುವೆ ಅಷ್ಟು ದೂರ ಇದ್ದರೆ, ಅದು ಎರಡೇ ನಿಮಿಷಕ್ಕೆ ಮುಗಿಯುತ್ತದೆ. ಕಣ್ಣಿಂದ ನೋಡಿ ತಪ್ಪಿಸುವ ಮಾತೇ ಇಲ್ಲ. ಅದಕ್ಕೇ ಟಿಕ್ಯಾಸ್ ಅಂತ ಒಂದು ಯಂತ್ರ. ಅದು ಸುತ್ತಲಿನ ವಿಮಾನಗಳನ್ನು "ಎಲ್ಲಿದ್ದೀಯಾ?" ಎಂದು ಕೇಳುತ್ತಲೇ ಇರುತ್ತದೆ. ಉತ್ತರ ಬರುವುದು ಅದೇ 1090ರಲ್ಲಿ. ಡಿಕ್ಕಿಗೆ ಸುಮಾರು 35 ಸೆಕೆಂಡ್ ಇದೆ ಅನ್ನುವಾಗ ಅದು ಅಪ್ಪಣೆಯನ್ನೇ ಕೊಡುತ್ತದೆ: ಏರು, ಅಥವಾ ಇಳಿ. ಆಗ ಎದುರಿನದ್ದು ಇರೋದು ಹತ್ತಿರ ಹತ್ತಿರ ಶಿರಸಿಯಿಂದ ಸಹಸ್ರಲಿಂಗದಷ್ಟು ದೂರದಲ್ಲಿ.

ತೋಟದ ಅಗಲ ಕಿರಿದಾದ ದಾರಿಯಲ್ಲಿ ಅಡಿಕೆ ಕೊನೆ ಹೊತ್ತವರು ಇಬ್ಬರು ಎದುರಾದರೆ ಇಬ್ಬರೂ ಒಂದೇ ಬದಿಗೆ ಸರಿಯುತ್ತಾರೆ. ಮತ್ತೆ ಇಬ್ಬರೂ ಇನ್ನೊಂದು ಬದಿಗೆ. ಈ ಯಂತ್ರಗಳು ಹಾಗೆ ಮಾಡೋದಿಲ್ಲ. ಮೊದಲೇ ಮಾತಾಡಿಕೊಂಡು, ಒಂದು ಏರಿದರೆ ಇನ್ನೊಂದು ಇಳಿಯುವ ಹಾಗೆ ನೋಡಿಕೊಳ್ಳುತ್ತವೆ. 1996ರಲ್ಲಿ ದೆಹಲಿ ಹತ್ತಿರ ಚರ್ಖಿ ದಾದ್ರಿಯಲ್ಲಿ ಎರಡು ವಿಮಾನ ತಾಗಿ 349 ಜನ ಸತ್ತರು. ನಮ್ಮ ದೇಶದಲ್ಲಿ ಟಿಕ್ಯಾಸ್ ಕಡ್ಡಾಯವಾದದ್ದು ಆಮೇಲೆ.

ಆದರೂ 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ 71 ಜನ ಹೋದರು. ಬಹಳಷ್ಟು ಮಕ್ಕಳು. ಯಂತ್ರ ಒಂದಕ್ಕೆ ಏರು ಎಂದಿತು, ಇನ್ನೊಂದಕ್ಕೆ ಇಳಿ ಎಂದಿತು. ಏರಬೇಕಾದ ವಿಮಾನಕ್ಕೆ ಕೆಳಗಿನ ಕಂಟ್ರೋಲರ್ ಇಳಿ ಎಂದಿದ್ದ. ಅವನಿಗೆ ಯಂತ್ರ ಏನು ಹೇಳಿತು ಅಂತ ಗೊತ್ತೇ ಇರಲಿಲ್ಲ. ಪೈಲಟ್ ಮನುಷ್ಯನ ಮಾತು ಕೇಳಿದ. ಎರಡೂ ಇಳಿದವು. ಈಗ ನಿಯಮದಲ್ಲಿ ಗೊಂದಲ ಇಲ್ಲ, ಯಂತ್ರ ಹೇಳಿದ್ದನ್ನೇ ಮಾಡಬೇಕು. ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಸಮಯ ಹಿಡಿಯಿತು.

ಇನ್ನು ಮಂಗನ ವಿಷಯ. ಮಾರ್ಚ್‌ನಲ್ಲಿ ಒಂದು ದಿನ ನನ್ನ ಪರದೆ ಪೂರ್ತಿ ಖಾಲಿ. ಹೊರಗೆ ಬಂದರೆ ಗಳದ ತುದಿಯಲ್ಲಿ ಮಂಗ ಕೂತಿತ್ತು, ತಂತಿ ಮೀನಿನ ಗಾಳದ ಹಾಗೆ ಬಗ್ಗಿತ್ತು. ತಲೆ ಮೇಲೆ ಮಾತ್ರ ವಿಮಾನದ ಸದ್ದು ಕೇಳುತ್ತಲೇ ಇತ್ತು. ನನಗೆ ಥಟ್ಟನೆ ನೆನಪಾದದ್ದು ಬ್ರೆಜಿಲ್. 2006ರ ಸೆಪ್ಟೆಂಬರ್ 29. ಅಮೆಜಾನ್ ಕಾಡಿನ ಮೇಲೆ ಒಂದು ಸಣ್ಣ ಜೆಟ್‌ನ ಟ್ರಾನ್ಸ್‌ಪಾಂಡರ್, ಅಂದರೆ "ಎಲ್ಲಿದ್ದೀಯಾ?" ಎಂಬ ಪ್ರಶ್ನೆಗೆ ಉತ್ತರ ಕೊಡುವ ಪೆಟ್ಟಿಗೆ, ಉತ್ತರ ಕೊಡುತ್ತಿರಲಿಲ್ಲ. ಎದುರು ಬರುತ್ತಿದ್ದ ದೊಡ್ಡ ವಿಮಾನದ ಟಿಕ್ಯಾಸ್ ಪಾಲಿಗೆ ಆಕಾಶ ಖಾಲಿ. ಇಬ್ಬರೂ 37,000 ಅಡಿಯಲ್ಲಿ, ಒಂದೇ ಗೆರೆಯ ಮೇಲೆ. ಸಣ್ಣದರ ರೆಕ್ಕೆಯ ತುದಿ ದೊಡ್ಡದರ ರೆಕ್ಕೆಗೆ ಬಡಿಯಿತು. ಸಣ್ಣದು ಹೇಗೋ ಇಳಿಯಿತು. ದೊಡ್ಡದರಲ್ಲಿದ್ದ 154 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಅಷ್ಟು ದೊಡ್ಡ ಆಕಾಶದಲ್ಲಿ ರೆಕ್ಕೆಗೆ ರೆಕ್ಕೆ ತಾಗುವಷ್ಟು ಕರಾರುವಾಕ್ಕು! ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಹಳೇ ಕಾಲದ ವಿಮಾನಗಳು ನಕ್ಷೆಯಲ್ಲಿನ ಮಾರ್ಗದ ಗೆರೆಯಿಂದ ಒಂದೆರಡು ಮೈಲಿ ಅತ್ತಿತ್ತ ಇರುತ್ತಿದ್ದವು. ಎತ್ತರ ತಪ್ಪಿದರೂ ಪಕ್ಕದಲ್ಲಿ ದಾಟಿ ಹೋಗುವ ಅವಕಾಶ ಜಾಸ್ತಿ ಇತ್ತು. ಜಿಪಿಎಸ್ ಬಂದು ಎಲ್ಲರನ್ನೂ ಗೆರೆಯ ನಟ್ಟನಡುವೆ ತಂದು ನಿಲ್ಲಿಸಿತು. ಅದಕ್ಕೇ ಈಗ ಸಮುದ್ರದ ಮೇಲಿನ ಹಲವು ಮಾರ್ಗಗಳಲ್ಲಿ ಪೈಲಟ್ ಬೇಕೆಂದೇ ಗೆರೆಯಿಂದ ಬಲಕ್ಕೆ ಒಂದೋ ಎರಡೋ ನಾಟಿಕಲ್ ಮೈಲಿ ಸರಿದು ಹಾರಬಹುದು. ಯಾವಾಗಲೂ ಬಲಕ್ಕೇ.

ಇದನ್ನು ಕಾರವಾರದ ಬೈತಖೋಲದಲ್ಲಿ ಬೋಟ್ ಇಟ್ಟಿರುವ ಗೆಳೆಯನಿಗೆ ಹೇಳಿದೆ. ಅವನು ನಕ್ಕ. "ಇದರಲ್ಲಿ ಹೊಸತೇನಿದೆ ಮಾರಾಯಾ? ಎದುರು ಬೋಟ್ ಬಂದರೆ ನಾವೂ ಬಲಕ್ಕೇ ತಿರುಗಿಸೋದು. ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು." ವಿಮಾನದ ರೆಕ್ಕೆಯ ದೀಪವೂ ಹಾಗೇ ಎಂದೆ. "ನಮ್ಮದನ್ನೇ ಕದ್ದಿದ್ದಾರೆ" ಎಂದ.

ತಂತಿ ಬದಲಾಯಿಸಿದ ರಾತ್ರಿ ಹನ್ನೊಂದಕ್ಕೆ ಪರದೆ ಮುಂದೆ ಕೂತಿದ್ದೆ. ಸಮುದ್ರದ ಕಡೆಯಿಂದ ಒಂದು ವಿಮಾನ ಬರುತ್ತಿತ್ತು, 39,000 ಅಡಿ. ಉಳಿದವೆಲ್ಲ ಹೋದ ಗೆರೆಗಿಂತ ಒಂದು ಮೈಲಿಯಷ್ಟು ಬಲಕ್ಕೆ. ಗೋಕರ್ಣದ ಹತ್ತಿರ ಬಂದ ಮೇಲೆ ಮೆಲ್ಲಗೆ ಗೆರೆಗೆ ಸೇರಿಕೊಂಡಿತು. "ಇನ್ನೂ ಮಲಗಿದ್ದಿಲ್ಯ?" ಎಂದು ಆಯಿ ಒಳಗಿಂದ ಕೂಗಿದಳು.