ಗಿರ್ ಸಿಂಹ ನೋಡಲು ಹೊರಟವರಿಗೆ: ದೇವಳಿಯಾ ಬೇರೆ, ಕಾಡು ಬೇರೆ

ಗುಜರಾತಿನ ಸಾಸಣ್ ಗಿರ್‌ನಲ್ಲಿ ಸಫಾರಿ ಎರಡು ಥರ. ಒಂದು ಗಿರ್ ಜಂಗಲ್ ಟ್ರೇಲ್, ಅಸಲಿ ಕಾಡು. ಇನ್ನೊಂದು ದೇವಳಿಯಾ ಪಾರ್ಕ್, ಸುತ್ತ ಬೇಲಿ. ನಮ್ಮ ರೆಸಾರ್ಟಿನವನು "ಪರ್ಮಿಟ್ ಚಿಂತೆ ಬಿಡಿ" ಅಂತ ಕಾಡಿನ ರೇಟು ವಸೂಲಿ ಮಾಡಿ, ಬೆಳಿಗ್ಗೆ ಹತ್ತಿಸಿದ್ದು ದೇವಳಿಯಾ ಬಸ್ಸು! ಕೇಳಿದರೆ, ಸಿಂಹ ಕಂಡಿತಲ್ಲ, ಇನ್ನೇನು ಬೇಕು ಅಂದ. ಆ ಬಸ್ಸಿನ ಗಲಾಟೆಯಲ್ಲಿ ಸಿಂಹಕ್ಕಿಂತ ಮೊಬೈಲುಗಳೇ ಜಾಸ್ತಿ ಕಂಡವು. ಪರ್ಮಿಟ್ಟನ್ನು ಅರಣ್ಯ ಇಲಾಖೆಯ ವೆಬ್‌ಸೈಟಿನಲ್ಲಿ ನೀವೇ ಮಾಡಿಸಿ. ಅದರ ಮೇಲೆ ಯಾವ ಸಫಾರಿ ಅಂತ ಬರೆದಿದೆ ನೋಡಿಕೊಳ್ಳಿ. ದೀಪಾವಳಿ ರಜೆಯಲ್ಲಂತೂ ಆ ಕಡೆ ತಲೆ ಹಾಕಬೇಡಿ.

ಆಮೇಲೆ ಜೀಪಿನಲ್ಲಿ ಕಾಡಿಗೆ ಹೋದೆವು. ತೇಗದ ಒಣ ಎಲೆಗಳ ನಡುವೆ ಎರಡು ಹೆಣ್ಣು ಸಿಂಹ ಮಲಗಿದ್ದವು, ಎಲೆಗಳದ್ದೇ ಬಣ್ಣ. ಗೈಡ್ ತೋರಿಸದಿದ್ದರೆ ದಾಟಿ ಹೋಗುತ್ತಿದ್ದೆವು. ಒಂದು ಎದ್ದಾಗ ಹೊಟ್ಟೆಯಡಿ ಉದ್ದಕ್ಕೂ ಜೋತುಬಿದ್ದ ಚರ್ಮದ ಮಡಿಕೆ ಕಂಡಿತು. ಏಷ್ಯಾದ ಸಿಂಹದ ಗುರುತೇ ಅದು. ಗಂಡಿಗೆ ಕೇಸರ ಕಡಿಮೆ, ಕಿವಿ ಹೊರಗೇ ಕಾಣುತ್ತದೆ. ಇಲ್ಲಿ ಗಂಡು ಹೆಣ್ಣು ಒಟ್ಟಿಗೆ ಇರುವುದು ಹೆಚ್ಚಾಗಿ ಕೂಡುವ ಕಾಲದಲ್ಲಿ, ಇಲ್ಲವೇ ದೊಡ್ಡ ಬೇಟೆ ಸಿಕ್ಕಾಗ. ಮುಖ್ಯ ಬೇಟೆ ಚುಕ್ಕೆ ಜಿಂಕೆ. ಅಷ್ಟಕ್ಕೆ ಆಫ್ರಿಕಾದ ಹಾಗೆ ದೊಡ್ಡ ಹಿಂಡು ಯಾಕೆ ಬೇಕು, ಅಲ್ವಾ?

2025ರ ಎಣಿಕೆಯಲ್ಲಿ 891 ಸಿಂಹ. ಖುಷಿಯೇನೋ ಸರಿ, ಆದರೆ ಎಲ್ಲವೂ ಗಿರ್ ಇರುವ ಈ ಸೌರಾಷ್ಟ್ರದಲ್ಲೇ, ರೋಗ ಬಂದರೆ ಎಲ್ಲಕ್ಕೂ ಅಪಾಯ. 2018ರಲ್ಲಿ ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ ತಗುಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸತ್ತವು. ಕೆಲವನ್ನು ಮಧ್ಯಪ್ರದೇಶದ ಕುನೊ ಕಾಡಿಗೆ ಕಳಿಸಿ ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಕುನೊಗೆ ಚೀತಾ ಬಂತು, ಸಿಂಹ ಇನ್ನೂ ಹೋಗಿಲ್ಲ.

ಊಟಕ್ಕೆ ರೆಸಾರ್ಟ್ ಬಿಡಿ. ಹತ್ತಿರದ ತಾಲಾಳಾ ಊರಿನ ರಸ್ತೆಯಲ್ಲಿ ತಗಡಿನ ಚಪ್ಪರದ ಕಾಠಿಯಾವಾಡಿ (ಸೌರಾಷ್ಟ್ರ ಶೈಲಿಯ) ಊಟದ ಮನೆಗಳಿವೆ. ಒಂದರಲ್ಲಿ ಅಜ್ಜಿ ಅಂಗೈಯಲ್ಲೇ ತಟ್ಟಿದ ದಪ್ಪ ಸಜ್ಜೆ ರೊಟ್ಟಿ, ಸುಟ್ಟ ಬದನೆಕಾಯಿಯ ಓಳೋ, ಸೇವ್ ಟೊಮ್ಯಾಟೊ ಪಲ್ಯ, ಹಸಿ ಬೆಳ್ಳುಳ್ಳಿ ಚಟ್ನಿ, ಬೆಲ್ಲ ತುಪ್ಪ ಬಡಿಸಿದರು. ಮಜ್ಜಿಗೆ ಎಷ್ಟು ಬೇಕಾದರೂ. ಸಾಕು ಅಂದರೂ ಇನ್ನೊಂದು ರೊಟ್ಟಿ ಬಿತ್ತು. ನಾವು ಉತ್ತರ ಕರ್ನಾಟಕದವರು, ರೊಟ್ಟಿ ವಿಷಯದಲ್ಲಿ ಸುಮ್ನೆ ಹೊಗಳುವುದಿಲ್ಲ. ರೆಸಾರ್ಟಿನ ಸಪ್ಪೆ ಪನೀರಿನ ಕಾಲು ಭಾಗದ ದುಡ್ಡಿಗೆ ಇಬ್ಬರ ಹೊಟ್ಟೆ ತುಂಬಿತು.

ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಕಾಡು ಬಂದ್. ಜನವರಿಗೆ ಹೋದರೆ ತೆರೆದ ಜೀಪಿಗೆ ಸ್ವೆಟರ್, ಮಂಕಿ ಟೋಪಿ ಬೇಕೇ ಬೇಕು. ಬಿಸಿಲು ತಡೆಯುವವರು ಮೇ ತಿಂಗಳು ನೋಡಿ. ನೀರಿನ ಹತ್ತಿರ ಸಿಂಹ ಕಾಣುವುದು ಜಾಸ್ತಿ, ತಾಲಾಳಾ ಮಾರ್ಕೆಟ್ಟಿನಲ್ಲಿ ಕೇಸರ್ ಮಾವು ಬಂದಿರುತ್ತದೆ.