ಮಗುವಿಗಿಂತ ಮೊದಲು ಕ್ಯಾಮೆರಾ ಮನೆಗೆ ಬಂದರೆ

ನಾನು ಕರ್ನಾಟಕದ ಒಂದು ದತ್ತು ಸಂಸ್ಥೆಯಲ್ಲಿ ಸಮಾಜ ಕಾರ್ಯಕರ್ತೆ. ದತ್ತು ಬಯಸಿ ಹೆಸರು ನೋಂದಾಯಿಸಿದವರ ಮನೆಗೆ ಹೋಗಿ ಗೃಹ ಅಧ್ಯಯನ ವರದಿ ಬರೆಯುತ್ತೇನೆ. ಮಗುವಿನ ವೈದ್ಯಕೀಯ ವರದಿಯನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಬಿಡಿಸಿ ಹೇಳುತ್ತೇನೆ. ಮಗು ಮನೆ ಸೇರಿದ ಮೇಲೆ ಆರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಹೋಗಿ ನೋಡಿಕೊಂಡು ಬರುತ್ತೇನೆ. ಮೊದಲೆಲ್ಲ ದಂಪತಿಗಳು ಕೇಳುತ್ತಿದ್ದದ್ದು ಎಷ್ಟು ಕಾಲ ಕಾಯಬೇಕು, ಮಗುವಿನ ಹಿನ್ನೆಲೆ ಏನು, ನೆಂಟರಿಗೆ ಏನೆಂದು ಹೇಳಬೇಕು ಎಂದು. ಈಚಿನ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: "ಮೇಡಂ, ಮಗುವನ್ನು ಕರೆದುಕೊಂಡು ಹೋಗುವ ದಿನದ ವಿಡಿಯೊ ಹಾಕಬಹುದೇ?"

ಮನೆಯವರಿಗಾಗಿ ತೆಗೆದಿಟ್ಟುಕೊಳ್ಳುವುದಾದರೆ ಖಂಡಿತ ತೆಗೆಯಿರಿ ಎನ್ನುತ್ತೇನೆ. ದೊಡ್ಡದಾದ ಮೇಲೆ ಆ ಮಗುವಿಗೆ ಅದು ಬೇಕಾಗುತ್ತದೆ. ಚಾನೆಲ್‌ಗೆ ಎಂದರೆ ಬೇಡ ಎನ್ನುತ್ತೇನೆ. ಅದರಲ್ಲೂ ಅಂಗವೈಕಲ್ಯವಿರುವ ಮಗುವಾದರೆ ಇನ್ನಷ್ಟು ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಕಾರಣ ಕೇಳಿದವರಿಗೆ ಅಮೆರಿಕದ ಒಂದು ಪ್ರಕರಣವನ್ನು ಹೇಳುತ್ತೇನೆ.

ಓಹಿಯೊ ರಾಜ್ಯದ ಮೈಕಾ ಮತ್ತು ಜೇಮ್ಸ್ ಸ್ಟಾಫರ್ ದಂಪತಿ ತಮ್ಮ ಮನೆಯ ದಿನಚರಿಯನ್ನು ಯೂಟ್ಯೂಬ್‌ನಲ್ಲಿ ತೋರಿಸಿ ಹೆಸರಾದವರು. ಚೀನಾದಿಂದ ಒಂದು ಮಗುವನ್ನು ದತ್ತು ತರುತ್ತೇವೆ ಎಂದು 2016ರಲ್ಲಿ ಪ್ರಕಟಿಸಿದರು. ಅಲ್ಲಿಂದ ಮುಂದೆ ಅರ್ಜಿ, ಕಾಯುವಿಕೆ, ಪ್ರಯಾಣ ಎಲ್ಲವೂ ಕಂತು ಕಂತಾಗಿ ವಿಡಿಯೊಗಳಾದವು. ಹಣ ಸಂಗ್ರಹಕ್ಕೆ ಸಾವಿರ ತುಣುಕುಗಳ ಪಜಲ್ ಒಂದನ್ನು ಮಾಡಿದರು. ಐದು ಡಾಲರ್ ಬಂದಂತೆಲ್ಲ ಒಂದೊಂದು ತುಣುಕು ಸೇರಿ ಕೊನೆಗೆ ಮಗುವಿನ ಮುಖ ಕಾಣಬೇಕು, ಅದು ಯೋಜನೆ. 2017ರ ಅಕ್ಟೋಬರ್‌ನಲ್ಲಿ ಎರಡೂವರೆ ವರ್ಷದ ಹುಡುಗ ಅವರ ಕೈಸೇರಿದ ದಿನದ ವಿಡಿಯೊ 50 ಲಕ್ಷಕ್ಕೂ ಹೆಚ್ಚು ವೀಕ್ಷಣೆ ಕಂಡಿತು. 2020ರ ಆರಂಭದಲ್ಲಿ ಹುಡುಗ ವಿಡಿಯೊಗಳಲ್ಲಿ ಕಾಣಿಸುವುದು ನಿಂತಿತು. ನೋಡುಗರು ಕೇಳತೊಡಗಿದರು. ಮೇ 26ರಂದು ದಂಪತಿ ಕ್ಯಾಮೆರಾ ಮುಂದೆ ಕುಳಿತು, ಅವನ ಅಗತ್ಯಗಳು ತಮಗೆ ಮೊದಲು ತಿಳಿಸಿದ್ದಕ್ಕಿಂತ ಬಹಳ ಹೆಚ್ಚಾಗಿದ್ದವು, ಅವನೀಗ ಬೇರೆ ಕುಟುಂಬದಲ್ಲಿದ್ದಾನೆ ಎಂದರು. ಸ್ಥಳೀಯ ಪೊಲೀಸರು ವಿಚಾರಣೆ ನಡೆಸಿ, ಮೊಕದ್ದಮೆ ಹೂಡದೆ ಮುಗಿಸಿದರು.

ಹುಡುಗನ ಹೆಸರನ್ನು ನಾನು ಬರೆಯುವುದಿಲ್ಲ, ಅವನಿಗೆ ಏನಿತ್ತು ಎಂಬುದನ್ನೂ ಬರೆಯುವುದಿಲ್ಲ. ಅವೆರಡೂ ಈಗಾಗಲೇ ಲಕ್ಷಾಂತರ ಅಪರಿಚಿತರಿಗೆ ಗೊತ್ತಿವೆ.

ಮಗುವನ್ನು ಬಿಟ್ಟುಕೊಟ್ಟದ್ದೇ ಮಹಾಪಾಪ ಎಂದು ಜಗತ್ತು ಅವರನ್ನು ಬೈದಿತು. ನನ್ನ ಕೆಲಸ ನನಗೆ ಕಲಿಸಿರುವುದು ಸ್ವಲ್ಪ ಬೇರೆ. ದತ್ತು ಮುರಿದುಬೀಳುವುದು ಅಪರೂಪವಾದರೂ ಇಲ್ಲದ ಸಂಗತಿಯಲ್ಲ. ನಮ್ಮಲ್ಲೂ ಆಗುತ್ತದೆ, ದತ್ತು ಆದೇಶ ಬರುವ ಮುನ್ನವೂ ಆಗುತ್ತದೆ, ಬಂದ ಮೇಲೂ ಆಗುತ್ತದೆ. ಮಗುವಿಗೆ ಅದು ಎರಡನೆಯ ಸಲ ಮನೆ ಕಳೆದುಕೊಂಡಂತೆ, ಅದರ ಗಾಯ ಸಣ್ಣದಲ್ಲ. ಆದರೂ ಎಲ್ಲ ನೆರವನ್ನೂ ಪಡೆದ ಮೇಲೂ ಆಗುವುದೇ ಇಲ್ಲ ಎಂದು ತಿಳಿದಾಗ, ಕಾನೂನಿನ ದಾರಿಯಲ್ಲಿ, ಸಿದ್ಧವಿರುವ ಇನ್ನೊಂದು ಕುಟುಂಬಕ್ಕೆ ಮಗುವನ್ನು ಸೇರಿಸುವುದು ಪ್ರೀತಿಯಿಲ್ಲದ ಮನೆಯಲ್ಲಿ ಅದನ್ನು ಉಳಿಸುವುದಕ್ಕಿಂತ ಮೇಲು. ಕಾನೂನಿನ ದಾರಿ ಎಂದು ಒತ್ತಿ ಹೇಳಲು ಕಾರಣವಿದೆ. 2013ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಅಮೆರಿಕದ ಒಂದು ಆನ್‌ಲೈನ್ ಗುಂಪಿನ ಐದು ವರ್ಷಗಳ ಸಂದೇಶಗಳನ್ನು ತನಿಖೆ ಮಾಡಿತು. ಸರಾಸರಿ ವಾರಕ್ಕೊಂದು ದತ್ತು ಮಗುವನ್ನು ಅಲ್ಲಿ ಬೇರೆಯವರಿಗೆ ಕೊಡಲು ಹೊರಟಿದ್ದರು. ಹೆಚ್ಚಿನವು ವಿದೇಶಗಳಿಂದ ತಂದ ಮಕ್ಕಳು. ಆ ಹಸ್ತಾಂತರಗಳ ಮೇಲೆ ಯಾವ ಅಧಿಕಾರಿಯ ಕಣ್ಣೂ ಇರಲಿಲ್ಲ.

ಹಾಗಾದರೆ ಓಹಿಯೊ ಪ್ರಕರಣದಲ್ಲಿ ತಪ್ಪಾದದ್ದು ಎಲ್ಲಿ? ನನ್ನ ಪ್ರಕಾರ ಕೊನೆಯಲ್ಲಲ್ಲ, ಮೊದಲಲ್ಲಿ. ಮಗು ಬರುವ ಮೊದಲೇ ಸುಖಾಂತ್ಯವನ್ನು ನೋಡುಗರಿಗೆ ಮಾರಿಯಾಗಿತ್ತು. ಅಂಥ ಮನೆಯಲ್ಲಿ "ನಮಗೆ ಆಗುತ್ತಿಲ್ಲ" ಎಂಬ ಮಾತಿಗೆ ಜಾಗವೇ ಉಳಿಯುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಏನಾಗುತ್ತದೆ ಎಂಬುದನ್ನು ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹೊರಗಿನವರಿಗೆ ಇದು ಕಾಣುವುದಿಲ್ಲ. ಸಂಸ್ಥೆಯಲ್ಲಿ ಬೆಳೆದ ಮಗು ಹೊಸ ಮನೆಗೆ ಬಂದಾಗ ಅಳದೆ ಸುಮ್ಮನೆ ಕುಳಿತಿರಬಹುದು. ನೋಡಿದವರು "ಎಷ್ಟು ಜಾಣ ಮಗು, ಹಟವೇ ಇಲ್ಲ" ಎನ್ನುತ್ತಾರೆ. ಅತ್ತರೆ ಯಾರೂ ಬರುವುದಿಲ್ಲ ಎಂದು ಕಲಿತ ಮಗು ಅದು. ಇನ್ನೊಂದು ಮಗು ಬಂದವರನ್ನೆಲ್ಲ ಅಪ್ಪಿಕೊಳ್ಳುತ್ತದೆ, ಮೊದಲ ದಿನವೇ "ಅಮ್ಮಾ" ಎನ್ನುತ್ತದೆ. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಪರಿಚಿತರು, ಅಪರಿಚಿತರು ಎಂಬ ಭೇದವೇ ಇಲ್ಲದೆ ಎಲ್ಲರ ಬಳಿ ಹೋಗುವುದು ಒಬ್ಬರಿಗೂ ಅಂಟಿಕೊಳ್ಳಲು ಅವಕಾಶ ಸಿಗದ ಮಕ್ಕಳ ಲಕ್ಷಣ. ದಿಂಬಿನ ಕೆಳಗೆ ಚಪಾತಿ ಬಚ್ಚಿಡುವುದು, ಮಲಗುವಾಗ ಗಂಟೆಗಟ್ಟಲೆ ಮೈ ತೂಗುವುದು, ತಲೆ ಚಚ್ಚಿಕೊಳ್ಳುವುದು ಇವೂ ಇರುತ್ತವೆ. ರುಮೇನಿಯಾದ ಬುಕಾರೆಸ್ಟ್‌ನಲ್ಲಿ ಅನಾಥಾಲಯಗಳ 136 ಮಕ್ಕಳ ಮೇಲೆ 2000ದ ಸುಮಾರಿಗೆ ಆರಂಭವಾಗಿ ಬಹುಕಾಲ ನಡೆದ ಅಧ್ಯಯನ ಇಂಥ ಹಲವು ಲಕ್ಷಣಗಳನ್ನು ದಾಖಲಿಸಿದೆ. ಕುಟುಂಬಕ್ಕೆ ಸೇರಿದ ಮಕ್ಕಳು ಚೇತರಿಸಿಕೊಂಡರು, ಅದರಲ್ಲೂ ಎರಡು ವರ್ಷ ತುಂಬುವ ಮೊದಲು ಸೇರಿದವರು ಹೆಚ್ಚು ಚೇತರಿಸಿಕೊಂಡರು ಎಂಬುದು ಅದರ ದೊಡ್ಡ ಪಾಠ.

ಅಂದರೆ ಕ್ಯಾಮೆರಾಗೆ ಅತಿ ಸೊಗಸಾಗಿ ಕಾಣುವ ಕ್ಷಣಗಳೇ ಎಷ್ಟೋ ಸಲ ನನಗೆ ಚಿಂತೆ ತರುವ ಕ್ಷಣಗಳು. ನಿಜವಾದ ಬಾಂಧವ್ಯ ಶುರುವಾಗುವುದು ಮಗು ಹಟ ಮಾಡತೊಡಗಿದಾಗ, ಅಮ್ಮ ಕೋಣೆಯಿಂದ ಹೊರಗೆ ಹೋದರೆ ಕಿರುಚತೊಡಗಿದಾಗ, ತಟ್ಟೆ ಎಸೆದು ಅಪ್ಪನ ಮುಖ ನೋಡತೊಡಗಿದಾಗ. ಇದನ್ನು ವಿಡಿಯೊ ಮಾಡಿ ಹಾಕಿದರೆ "ಪಾಪ, ಎಷ್ಟು ಕಷ್ಟ ಕೊಡುತ್ತಾನೆ" ಎಂಬ ಮಾತು ಬರುತ್ತದೆ. ಮಗು ಖಳನಾಗುತ್ತದೆ, ತಂದೆತಾಯಿ ತ್ಯಾಗಿಗಳಾಗುತ್ತಾರೆ.

ಅಂಗವೈಕಲ್ಯದ ವಿಷಯದಲ್ಲಿ ಇದು ಇನ್ನಷ್ಟು ತೊಡಕಿನದು. ಸಣ್ಣ ಮಗುವಿನ ವೈದ್ಯಕೀಯ ಪರೀಕ್ಷಾ ವರದಿ ಆ ದಿನಕ್ಕೆ ಕಂಡದ್ದನ್ನು ಮಾತ್ರ ಹೇಳುತ್ತದೆ. ಮಾತು ತಡವಾಗಿರುವುದು ಸಂಸ್ಥೆಯ ವಾತಾವರಣದಿಂದಲೋ, ಕಿವಿಯ ತೊಂದರೆಯಿಂದಲೋ, ಆಟಿಸಂನಿಂದಲೋ ಎಂಬುದು ತಿಳಿಯಲು ತಿಂಗಳುಗಳು ಬೇಕು. ಮಗುವಿನ ವಿವರ ಸರ್ಕಾರದ ದತ್ತು ಪೋರ್ಟಲ್‌ನಲ್ಲಿ ಕಂಡ ಮೇಲೆ ಕಾಯ್ದಿರಿಸಲು ಪೋಷಕರಿಗೆ ಇರುವುದು 48 ಗಂಟೆ. ಆಗ ನಾನು ಹೇಳುವುದು ಒಂದೇ: ವರದಿಯಲ್ಲಿರುವುದಕ್ಕಿಂತ ಹೆಚ್ಚಿನದಕ್ಕೆ ಸಿದ್ಧರಾಗಿ ಬನ್ನಿ, ಆಗದಿದ್ದರೆ ಈಗಲೇ ಬೇಡ ಎನ್ನಿ. ಹಾಗೆ ಬೇಡ ಎಂದವರನ್ನು ನಾನು ಗೌರವದಿಂದ ಬೀಳ್ಕೊಡುತ್ತೇನೆ. ಲಕ್ಷಾಂತರ ಜನರೆದುರು "ಬರುತ್ತಿದ್ದಾನೆ" ಎಂದು ಘೋಷಿಸಿ, ಹಣ ಸಂಗ್ರಹಿಸಿ, ದಿನ ಎಣಿಸುತ್ತಿರುವವರಿಗೆ ಆ "ಬೇಡ" ಬಾಯಿಗೆ ಬರುವುದು ಹೇಗೆ?

ನೆರವು ಕೇಳುವ ಗಳಿಗೆಗೂ ಇದೇ ಮಾತು. ದತ್ತು ಮುರಿಯುವ ಹಂತಕ್ಕೆ ಬಂದ ಮನೆಗಳಲ್ಲಿ ನಾನು ಕಂಡ ಸಮಾನ ಅಂಶ ಬಡತನವಲ್ಲ, ಮಗುವಿನ ವೈಕಲ್ಯದ ತೀವ್ರತೆಯೂ ಅಲ್ಲ. ತಡವಾಗಿ ಬಾಯಿಬಿಟ್ಟದ್ದು. ನಾಚಿಕೆಯಿಂದ, "ಏನೆಂದುಕೊಳ್ಳುತ್ತಾರೋ" ಎಂಬ ಅಂಜಿಕೆಯಿಂದ ತಿಂಗಳುಗಟ್ಟಲೆ ಎಲ್ಲ ಚೆನ್ನಾಗಿದೆ ಎಂದವರು ಕೊನೆಗೊಮ್ಮೆ ಫೋನ್ ಮಾಡುವುದು ತೀರ್ಮಾನ ಮಾಡಿಕೊಂಡ ಮೇಲೆ. ಅತ್ತೆ ಮಾವ, ಅಕ್ಕಪಕ್ಕದವರು ಇಷ್ಟು ಜನ ನೋಡುತ್ತಿದ್ದಾರೆ ಎಂಬುದೇ ಬಾಯಿ ಕಟ್ಟುವುದಾದರೆ, ಆ ಓಹಿಯೊ ತಾಯಿಯ ಚಾನೆಲ್‌ಗಿದ್ದ ಏಳು ಲಕ್ಷ ಚಂದಾದಾರರು ಏನು ಮಾಡಿಯಾರು!

ನೋಡುಗರ ಪಾಲನ್ನೂ ಹೇಳಿಬಿಡುತ್ತೇನೆ. ಆ ಹುಡುಗ ವಿಡಿಯೊಗಳಿಂದ ಕಾಣೆಯಾದಾಗ ಜನ ಚಿಂತಿಸಿದ್ದು ಸರಿ. ಅಧಿಕಾರಿಗಳಿಗೆ ದೂರು ಹೋದದ್ದೂ ಸರಿ. ಆಮೇಲೆ ಅವನ ಹಳೆಯ ವಿಡಿಯೊಗಳನ್ನು ತುಂಡು ತುಂಡಾಗಿ ಮತ್ತೆ ಹಾಕಿ, ವಿಶ್ಲೇಷಿಸಿ, ಅವನು ಅಳುವ ದೃಶ್ಯಗಳನ್ನು ಸಾಕ್ಷಿಯಾಗಿ ತೋರಿಸಿ ವೀಕ್ಷಣೆ ಗಳಿಸಿದವರು ಅದೇ ವ್ಯಾಪಾರವನ್ನು ಮುಂದುವರಿಸಿದರು. ಹೊಸ ಮನೆಯಲ್ಲಿ ಹೊಸದಾಗಿ ಬದುಕು ಶುರುಮಾಡುವ ಅವಕಾಶವನ್ನು ಆ ಮಗುವಿನಿಂದ ಅವರೂ ಕಿತ್ತುಕೊಂಡರು.

ಕಾನೂನುಗಳು ಈಗೀಗ ಎಚ್ಚರಗೊಳ್ಳುತ್ತಿವೆ. ಫ್ರಾನ್ಸ್ 2020ರಲ್ಲಿ ಮಕ್ಕಳ ವಿಡಿಯೊ ಗಳಿಕೆಗೆ ಕಟ್ಟುಪಾಡು ತಂದು, ತಮ್ಮ ದೃಶ್ಯಗಳನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಮಕ್ಕಳಿಗೇ ಕೊಟ್ಟಿತು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2024ರ ಜುಲೈನಿಂದ ಗಳಿಕೆಯ ಒಂದು ಪಾಲನ್ನು ಮಗುವಿನ ಹೆಸರಿನಲ್ಲಿ ಇಡಬೇಕು. ಒಳ್ಳೆಯ ಹೆಜ್ಜೆಗಳೇ. ಆದರೆ ಎಂದೂ ಒಂದು ಪೂರ್ತಿ ವಾಕ್ಯ ಆಡಲಾರದ ಮಗುವಿನ ಪರವಾಗಿ "ಅಳಿಸಿ" ಎಂದು ಕೇಳುವವರು ಯಾರು? ಕೇಳಬೇಕಾದ ತಂದೆತಾಯಿಯೇ ಹಾಕಿದವರು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಹದಿನೆಂಟರೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆಯನ್ನೇ ಕಾವಲಾಗಿ ಇಟ್ಟಿದೆ. ಒಪ್ಪಿಗೆ ಕೊಡುವವರೂ ಪ್ರಕಟಿಸುವವರೂ ಒಬ್ಬರೇ ಆದಾಗ ಆ ಕಾವಲು ಕೆಲಸ ಮಾಡುವುದಿಲ್ಲ.

ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಾತ್ರ ಸ್ಪಷ್ಟವಾಗಿದೆ. ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ಚಿತ್ರ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಆರು ತಿಂಗಳವರೆಗೆ ಸೆರೆ, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೋರ್ಟಲ್‌ನಲ್ಲಿ ಕಂಡ ಫೋಟೊದ ಸ್ಕ್ರೀನ್‌ಶಾಟ್ ತೆಗೆದು "ನಮ್ಮ ಮನೆಗೆ ಬರುತ್ತಿರುವ ಲಕ್ಷ್ಮಿ" ಎಂದು ಸ್ಟೇಟಸ್ ಹಾಕಲು ಹೊರಟವರಿಗೆ ನಾನು ಮೊದಲು ಇದನ್ನು ಓದಿ ಹೇಳುತ್ತೇನೆ. ಜಿಲ್ಲಾಧಿಕಾರಿಗಳ ದತ್ತು ಆದೇಶ ಬಂದ ಮೇಲೆ ಮಗು ಆ ಮನೆಯದು. ಅಲ್ಲಿಂದ ಮುಂದೆ ತಂದೆತಾಯಿಯ ವಿವೇಕವೇ ಉಳಿದ ಬೇಲಿ. ಅದಕ್ಕಾಗಿಯೇ ಈ ಮಾತನ್ನು ಆದೇಶಕ್ಕೆ ಬಹಳ ಮುಂಚೆ, ಮೊದಲ ಮನೆ ಭೇಟಿಯಲ್ಲೇ ಎತ್ತುತ್ತೇನೆ.

ಅಂಗವೈಕಲ್ಯವಿರುವ ಮಕ್ಕಳಿಗೆ ಮನೆ ಸಿಗುವುದೇ ಕಷ್ಟ, ಇಂಥ ವಿಡಿಯೊ ನೋಡಿ ನಾಲ್ಕು ಜನ ಮುಂದೆ ಬಂದರೆ ತಪ್ಪೇನು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ನಮ್ಮಲ್ಲಿ ಹೆಚ್ಚಿನವರು ಬಯಸುವುದು ಆರೋಗ್ಯವಂತ ಹಸುಗೂಸನ್ನು. ವಿಶೇಷ ಅಗತ್ಯದ ಎಷ್ಟೋ ಮಕ್ಕಳು ಕೊನೆಗೆ ಹೊರದೇಶದ ಮನೆಗಳಿಗೆ ಹೋಗುತ್ತಾರೆ. ಆದರೆ ವಿಡಿಯೊ ನೋಡಿ ಕರಗಿ ಬಂದವರಿಗೂ ಥೆರಪಿ ಕೇಂದ್ರದ ಬೆಂಚಿನ ಮೇಲೆ ಕುಳಿತು ಅಲ್ಲಿನ ತಾಯಂದಿರ ಜೊತೆ ಮಾತನಾಡಿ ಬಂದವರಿಗೂ ಇರುವ ವ್ಯತ್ಯಾಸವನ್ನು ನಾನು ನೋಡಿದ್ದೇನೆ. ಹಾಗಾಗಿ ವಿಶೇಷ ಅಗತ್ಯದ ಮಗುವನ್ನು ಬಯಸುವವರನ್ನು ಮೊದಲು ಅಲ್ಲಿಗೆ ಕಳುಹಿಸುತ್ತೇನೆ.

ಅಡುಗೆ ಚಾನೆಲ್ ನಡೆಸುವ ದಂಪತಿಯೊಬ್ಬರು ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲುಗಳ ಚಲನೆ ಕುಂದುವ ಸ್ಥಿತಿ) ಇರುವ ಹೆಣ್ಣುಮಗುವನ್ನು ದತ್ತು ಪಡೆದಿದ್ದಾರೆ. ಮೊದಲ ಭೇಟಿಯಲ್ಲಿ ನಮ್ಮ ನಡುವೆ ಇದೇ ವಿಷಯಕ್ಕೆ ದೀರ್ಘ ಚರ್ಚೆಯಾಗಿತ್ತು, ಆಕೆಗೆ ನನ್ನ ಮೇಲೆ ಸ್ವಲ್ಪ ಮುನಿಸೂ ಬಂದಿತ್ತು. ಇಂದಿಗೂ ಅವರ ಚಾನೆಲ್‌ನಲ್ಲಿ ಮಗುವಿನ ಸುಳಿವಿಲ್ಲ. ಮೊದಲ ಫಾಲೋ ಅಪ್‌ಗೆ ಹೋದಾಗ ಚಹಾ ಕೊಡುವ ಮೊದಲೇ ಆಕೆ ಹೇಳತೊಡಗಿದರು: "ರಾತ್ರಿ ನಿದ್ದೆಯಿಲ್ಲ ಮೇಡಂ. ಮೊನ್ನೆ ಅವಳ ಮೇಲೆ ರೇಗಿದೆ. ಇವರು ಕೆಲಸ ಮುಗಿಸಿ ಬರುವುದು ಒಂಬತ್ತಕ್ಕೆ. ಕಾಲಿನ ಪಟ್ಟಿ ಕಟ್ಟುವುದು ನನಗೆ ಸರಿಯಾಗಿ ಬರುತ್ತಿಲ್ಲ." ನಾವು ಅಂದೇ ಜಿಲ್ಲಾ ಆಸ್ಪತ್ರೆಯ ಫಿಸಿಯೊಥೆರಪಿಗೆ ದಿನ ಗೊತ್ತುಮಾಡಿದೆವು. ಆಕೆಯ ತಂಗಿಯನ್ನು ಫೋನಿನಲ್ಲಿ ಕರೆದು ವಾರಕ್ಕೆರಡು ರಾತ್ರಿ ಬಂದಿರಲು ಒಪ್ಪಿಸಿದೆವು. ಗಂಡನಿಗೆ ನಾನು ಖಾರವಾಗಿಯೇ ಎರಡು ಮಾತು ಹೇಳಿದೆ, ಅವರು ಕೇಳಿಸಿಕೊಂಡರು. ಅಷ್ಟೂ ಹೊತ್ತು ಮಗು ಮೂಲೆಯಲ್ಲಿ ಕುಳಿತು ಸ್ಟೀಲ್ ಲೋಟವನ್ನು ನೆಲಕ್ಕೆ ಬಡಿಯುತ್ತಿತ್ತು. ನಾನು ಎತ್ತಿಕೊಳ್ಳಲು ಹೋದಾಗ ನನ್ನನ್ನು ತಳ್ಳಿ, ಅಮ್ಮನ ಕಡೆಗೆ ಕೈ ಚಾಚಿ ಜೋರಾಗಿ ಅತ್ತಿತು. ವರದಿಯ ಬಾಂಧವ್ಯದ ಕಾಲಂನಲ್ಲಿ ಅದನ್ನೇ ಬರೆದೆ.