ಹೊಸಹಳ್ಳಿ ಅಂದರೆ ಯಾವ ಹೊಸಹಳ್ಳಿ?

2016ರ ಮೇ 30, ಸೋಮವಾರ. ಆ ದಿನದ ಲಾಗ್‌ಶೀಟ್‌ನಲ್ಲಿ ಬೆಳಿಗ್ಗೆ 7 ಗಂಟೆಯ ಸಾಲು ನೋಡಿದರೆ ಎಫ್-2 ಫೀಡರಿನ, ಅಂದರೆ ಸ್ಟೇಷನ್ನಿನಿಂದ ಊರುಗಳಿಗೆ ಹೋಗುವ ಎರಡನೇ ಲೈನಿನ, ಆಂಪಿಯರ್ 208, ಎಫ್-3ರದ್ದು 200. ಎರಡೂ ನನ್ನದೇ ಕೈಬರಹ, ಎರಡೂ ಸುಳ್ಳು. ಆ ಹೊತ್ತಿನಲ್ಲಿ ನಮ್ಮ ಸ್ಟೇಷನ್ನಿನ ಯಾವ ಫೀಡರೂ ನೂರು ದಾಟುವುದಿಲ್ಲ. ಹಿಂದಿನ ರಾತ್ರಿ ಚಿನ್ನಸ್ವಾಮಿಯ ಐಪಿಎಲ್ ಫೈನಲ್‌ನಲ್ಲಿ ಹೈದರಾಬಾದಿನವರು ಹೊಡೆದದ್ದು 208, ನಮ್ಮ ಆರ್‌ಸಿಬಿ ಹೊಡೆದದ್ದು 200. ಮೀಟರ್ ನೋಡಿಯೇ ಬರೆದೆ ಅಂತ ಆಣೆ ಇಟ್ಟು ಹೇಳುತ್ತಿದ್ದೆ, ಯಾರಾದರೂ ಕೇಳಿದ್ದರೆ.

ತುಮಕೂರು ಜಿಲ್ಲೆಯ ಒಂದು 66/11 ಕೆವಿ ವಿದ್ಯುತ್ ಸ್ಟೇಷನ್ನಿನಲ್ಲಿ ನಾನು ಆಪರೇಟರ್. ಆಗ ಔಟ್‌ಸೋರ್ಸ್. ಭಾನುವಾರ ವಾರದ ರಜೆ, ಸೋಮವಾರ ಬೆಳಿಗ್ಗೆ 6ಕ್ಕೆ ಫಸ್ಟ್ ಶಿಫ್ಟ್. ಫೈನಲ್ ಮ್ಯಾಚ್ ಭಾನುವಾರ ರಾತ್ರಿ 8ಕ್ಕೆ. ಮುಗಿಯುವುದು ಹನ್ನೆರಡು ಅಂತ ಗೊತ್ತಿತ್ತು. ಗೆದ್ದರೆ ಕುಣಿದು ಮಲಗೋಣ, ಸೋತರೆ ಬೇಗ ಮಲಗೋಣ ಅಂತ ನನ್ನ ಲೆಕ್ಕ. ಸೋತರೆ ಬೇಗ ಮಲಗಬಹುದು ಎಂದುಕೊಂಡವನಿಗಿಂತ ದಡ್ಡ ಇನ್ನೊಬ್ಬನಿಲ್ಲ.

ಆ ಮ್ಯಾಚ್ ನೋಡಿದವರಿಗೆ ಹೇಳಬೇಕಾಗಿಲ್ಲ. ನೋಡದವರಿಗೆ ಇಷ್ಟು ಸಾಕು: 209 ಬೇಕಿತ್ತು, 114ಕ್ಕೆ ಒಂದೂ ವಿಕೆಟ್ ಬಿದ್ದಿರಲಿಲ್ಲ. ಗೇಲ್ 38 ಬಾಲಿಗೆ 76. ಕೊಹ್ಲಿ 54, ಆ ವರ್ಷ ಒಂದೇ ಸೀಸನ್ನಿನಲ್ಲಿ 973 ರನ್ ಹೊಡೆದಿದ್ದ ಮನುಷ್ಯ. ಇಬ್ಬರೂ ಹೋದ ಮೇಲೆ ಡಿವಿಲಿಯರ್ಸ್ 5ಕ್ಕೆ ಹೋದ. ಅಲ್ಲಿಂದ ಮುಂದೆ ಪ್ರತಿ ಓವರಿಗೂ ಯಾರೋ ಕೈಯಿಂದ ಒಂದೊಂದು ಬೆರಳು ಬಿಡಿಸಿದ ಹಾಗೆ. ಕೊನೆ ಓವರಿಗೆ 18 ಬೇಕಿತ್ತು, ಭುವನೇಶ್ವರ್ ಕೊಟ್ಟದ್ದು 9. ಎಂಟು ರನ್ನಿನಿಂದ ಸೋತೆವು. ಅದೂ ನಮ್ಮದೇ ಅಂಗಳದಲ್ಲಿ. 2009, 2011 ಆದಮೇಲೆ ಮೂರನೇ ಫೈನಲ್.

ಅಮ್ಮ ಒಂಬತ್ತಕ್ಕೇ ಬಡಿಸಿಟ್ಟಿದ್ದ ಮುದ್ದೆ ತಟ್ಟೆಯಲ್ಲಿ ಕಲ್ಲಾಗಿತ್ತು. ಟಿವಿ ಆರಿಸಿದೆ. ಮಲಗಿದೆ. ಕಣ್ಣು ಮುಚ್ಚಿದರೆ ವಾಟ್ಸನ್. ಹೈದರಾಬಾದ್ ಬ್ಯಾಟಿಂಗಿನ ಕೊನೆ ಓವರ್ ಅವನದ್ದೇ, 24 ರನ್ ಕೊಟ್ಟಿದ್ದ. ಒಟ್ಟು 4 ಓವರಿಗೆ 61. ಕಟಿಂಗ್ ಅನ್ನುವವನು 15 ಬಾಲಿಗೆ 39. ಕತ್ತಲಲ್ಲಿ ಲೆಕ್ಕ ಹಾಕುತ್ತಾ ಬಿದ್ದುಕೊಂಡೆ: ಆ ಓವರಿನಲ್ಲಿ 24ರ ಬದಲು 15 ಕೊಟ್ಟಿದ್ದರೆ? 199 ಆಗುತ್ತಿತ್ತು, ನಾವು 200, ಕಪ್ ನಮ್ದೇ. ಬರೀ ಒಂಬತ್ತು ರನ್. ಒಂದು ಸಿಕ್ಸು, ಒಂದು ಮೂರು. ಇದನ್ನೇ ಎಷ್ಟು ಸಲ ಕೂಡಿ ಕಳೆದೆನೋ. ಬಾಯಾರಿಕೆಯಾಗಿ ಎರಡು ಸಲ ಎದ್ದೆ. ವಾಟ್ಸಾಪ್ ಗುಂಪಿನಲ್ಲಿ ಮೂರು ಗಂಟೆಗೂ ನನ್ನ ಹಾಗೆ ಏಳೆಂಟು ದೆವ್ವಗಳು ಎದ್ದಿದ್ದವು. ಒಬ್ಬ ಬರೆದಿದ್ದ: "ಯಾರಾದ್ರೂ ಮಲಗಿದ್ರಾ?" ಯಾರೂ ಉತ್ತರ ಕೊಟ್ಟಿರಲಿಲ್ಲ, ಎಲ್ಲರೂ ಓದಿದ್ದರು.

ಐದಕ್ಕೆ ಅಲಾರಂ ಹೊಡೆಯಿತು. ಎಬ್ಬಿಸುವುದಕ್ಕೆ ಏನೂ ಇರಲಿಲ್ಲ.

ಸ್ಟೇಷನ್ನಿನಲ್ಲಿ ನೈಟ್ ಶಿಫ್ಟಿನವನು ಗೇಟಿನ ಹತ್ತಿರವೇ ಬೈಕ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದ. ಅವನ ಕಣ್ಣೂ ನನ್ನ ಕಣ್ಣಿನಷ್ಟೇ ಕೆಂಪು. "ಏನೂ ಹೇಳಬೇಡ" ಅಂದ. ನಾನೂ ಹೇಳಲಿಲ್ಲ. ಹ್ಯಾಂಡೋವರ್ ಅಂದರೆ ಅವತ್ತು ಅಷ್ಟೇ. ಆರನೇ ನಂಬರ್ ಐಪಿ ಫೀಡರ್ ಬ್ಯಾಚ್ (ಕರೆಂಟ್ ಕೊಡುವ ಸರದಿ) ಮುಗಿದು ಆಫ್ ಇದೆ, ಹತ್ತಕ್ಕೆ ಮತ್ತೆ ಕೊಡಬೇಕು ಅಂತ ಪುಸ್ತಕದಲ್ಲಿ ಬರೆದಿದ್ದ. ಅದೊಂದು ಓದಿದೆ.

ಇಲ್ಲಿ ಒಂದು ವಿಷಯ. ನಮ್ಮಲ್ಲಿ ಹೊಸಹಳ್ಳಿ ಎರಡಿವೆ. ಊರು ಒಂದೇ, ಫೀಡರ್ ಎರಡು. ಎಫ್-4 ಹೊಸಹಳ್ಳಿ ಎನ್‌ಜೆವೈ, ಮನೆಗಳದ್ದು. ಎಫ್-6 ಹೊಸಹಳ್ಳಿ ಐಪಿ, ಪಂಪ್‌ಸೆಟ್ಟಿನದ್ದು. ರಸ್ತೆಯ ಉದ್ದಕ್ಕೂ ಎರಡೂ ಲೈನ್ ಅಕ್ಕಪಕ್ಕ ಹೋಗುತ್ತವೆ. ಪ್ಯಾನೆಲ್ ಮೇಲಿನ ಸ್ಟಿಕ್ಕರಿನಲ್ಲಿ "ಹೊಸಹಳ್ಳಿ" ಅನ್ನುವಷ್ಟು ಉಳಿದಿತ್ತು, ಅದರ ಮುಂದಿನದ್ದು ಎರಡರಲ್ಲೂ ಉಜ್ಜಿ ಹೋಗಿತ್ತು. ಸ್ಟಿಕ್ಕರ್ ಬದಲಿಸಿ ಅಂತ ಮೂರು ಸಲ ಬರೆದುಕೊಟ್ಟಿದ್ದೆ. ನಾಲ್ಕನೇ ಸಲ ಬರೆಯಲಿಲ್ಲ, ಅದು ನನ್ನ ತಪ್ಪಿರಬೇಕು.

9:40ಕ್ಕೆ ಲೈನ್‌ಮ್ಯಾನ್ ಫೋನ್. ಸೆಕ್ಷನ್ನಿಗೆಲ್ಲ ಹಿರಿಯರು, ನಾನು ಅಣ್ಣ ಅಂತಲೇ ಕರೆಯುವುದು.

"ಏನಪ್ಪಾ, ಮಲಗಿದ್ಯಾ ರಾತ್ರಿ?"

"ಎಲ್ಲಿ ಅಣ್ಣ."

"ನಮ್ಮನೇಲೂ ಅಷ್ಟೇ. ಮೊಮ್ಮಗ ಅತ್ತೂ ಅತ್ತೂ ಜ್ವರ ಬರಿಸ್ಕೊಂಡ. ಅಲ್ಲಾ ಕಣೋ, ಆ ವಾಟ್ಸನ್‌ಗೆ ಯಾಕೆ ಕೊಟ್ರು ಕೊನೇ ಓವರು?"

ಅಷ್ಟು ಸಾಕಾಯಿತು. ಮೂರ್ನಾಲ್ಕು ನಿಮಿಷ ನಾವಿಬ್ಬರೂ ಸೇರಿ ಕೊಹ್ಲಿಗೆ ಫೀಲ್ಡಿಂಗ್ ಸೆಟ್ ಮಾಡಿಕೊಟ್ಟೆವು. ನನ್ನ ಹದಿನೈದು ರನ್ನಿನ ಲೆಕ್ಕ ಅವರಿಗೂ ಒಪ್ಪಿಸಿದೆ. ರಾತ್ರಿಯಿಂದ ಎದೆಯಲ್ಲಿ ಕಟ್ಟಿಕೊಂಡಿದ್ದು ಸ್ವಲ್ಪ ಸಡಿಲವಾಯಿತು, ಸುಳ್ಳು ಹೇಳಲ್ಲ. ಆಮೇಲೆ ಅವರು, "ಸರಿ ಸರಿ, ಹೊಸಹಳ್ಳಿ ಕೊಡಪ್ಪ, ರಾತ್ರಿ ಗಾಳೀಲಿ ಜಂಪ್ ಹೋಗಿದೆ, ಹದಿನೈದು ನಿಮಿಷದ ಕೆಲಸ" ಅಂದರು. ಜಂಪ್ ಅಂದರೆ ಕಂಬದ ಮೇಲೆ ತಂತಿಗೆ ತಂತಿ ಸೇರಿಸುವ ತುಂಡು. ಕೊಡು ಅಂದರೆ ಎಲ್‌ಸಿ ಕೊಡು, ಲೈನ್ ಕ್ಲಿಯರ್: ಲೈನ್ ಆಫ್ ಮಾಡಿದ್ದೇವೆ, ಕೆಲಸ ಮಾಡಬಹುದು ಅಂತ ನಾವು ಕೊಡುವ ಒಪ್ಪಿಗೆ.

ಪ್ಯಾನೆಲ್ ಕಡೆ ನೋಡಿದೆ. ಎಫ್-6ರ ಹಸಿರು ದೀಪ ಉರಿಯುತ್ತಿತ್ತು, ಹಸಿರು ಅಂದರೆ ಆಫ್. "ಆಗಲೇ ಆಫ್ ಇದೆ ಅಣ್ಣ, ಟ್ರಾಲಿ ಎಳೆದು ನಂಬರ್ ಕೊಡ್ತೀನಿ" ಅಂದೆ. ಟ್ರಾಲಿ ಎಳೆದೆ, ಅಂದರೆ ಬ್ರೇಕರನ್ನೇ ಹೊರಗೆಳೆದೆ, ಎಚ್ಚರಿಕೆ ಬೋರ್ಡ್ ತಗುಲಿಸಿದೆ, ಎಲ್‌ಸಿ ಬುಕ್ಕಿನಲ್ಲಿ ಬರೆದೆ, ಎಲ್‌ಸಿ ನಂಬರ್ ಹೇಳಿದೆ. ಫೀಡರ್ ನಂಬರ್ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಎಲ್‌ಸಿ ಕೊಡುವಾಗ ಹೇಳಿದ್ದನ್ನು ತಿರುಗಿ ಹೇಳಿಸಬೇಕು ಅಂತ ರೂಲಿದೆ. ಗುರುತಿನವರ ಹತ್ತಿರ ಅದೆಲ್ಲ ಯಾರು ಮಾಡುತ್ತಾರೆ?

ಅವರಿಗೆ ಬೇಕಿದ್ದದ್ದು ಎಫ್-4. "ಆಗಲೇ ಆಫ್ ಇದೆ" ಅಂತ ನಾನಂದ ಮಾತೇ ಅವರ ಕಿವಿಗೆ ಗಂಟೆ ಹೊಡೆಯಬೇಕಿತ್ತು. ಮನೆಗಳ ಫೀಡರ್ ಬೆಳ್ಳಂಬೆಳಿಗ್ಗೆ ಯಾಕೆ ಆಫ್ ಇರುತ್ತದೆ? ಟ್ರಿಪ್ ಆಗಿರಬೇಕು ಅಂದುಕೊಂಡರಂತೆ. ಜಂಪ್ ಹೋಗಿದ್ದರೆ ಎನ್‌ಜೆವೈಯೇ ಇರಬೇಕು, ಆಫ್ ಇರುವ ಐಪಿಯಲ್ಲಿ ಜಂಪ್ ಹೋದದ್ದು ಬೆಳಿಗ್ಗೆ ಯಾರಿಗೆ ಗೊತ್ತಾಗುತ್ತದೆ ಅಂತ ನನಗೂ ಹೊಳೆಯಬೇಕಿತ್ತು. ಇಬ್ಬರಿಗೂ ಹೊಳೆಯಲಿಲ್ಲ. ಇಬ್ಬರ ತಲೆಯಲ್ಲೂ ವಾಟ್ಸನ್ ಬೌಲಿಂಗ್ ಮಾಡುತ್ತಿದ್ದ.

9:58. ಹೂಟರ್.

ಟ್ರಿಪ್ ಆದರೆ ನನ್ನ ಕೈಗೆ ತಲೆ ಬೇಕಾಗಿಲ್ಲ. ಅಕ್ಸೆಪ್ಟ್ ಒತ್ತಿ ಹೂಟರ್ ನಿಲ್ಲಿಸಿದೆ. ಎಫ್-4, ಅರ್ತ್ ಫಾಲ್ಟ್ ಫ್ಲ್ಯಾಗ್, ಅಂದರೆ ಕರೆಂಟ್ ಎಲ್ಲೋ ನೆಲಕ್ಕೆ ಹರಿದಿದೆ ಅನ್ನುವ ಗುರುತು. ಗಾಳಿಗೆ ಯಾವುದೋ ಕೊಂಬೆ ತಗುಲಿರಬೇಕು, ಒಂದು ಸಲ ಚಾರ್ಜ್ ಮಾಡಿ, ಕರೆಂಟ್ ಮತ್ತೆ ಬಿಟ್ಟು, ನೋಡೋಣ. ಮನೆಗಳ ಫೀಡರ್ ಹೋದರೆ ಎರಡು ನಿಮಿಷದಲ್ಲಿ ಅರ್ಧ ಹೋಬಳಿ ಫೋನ್ ಮಾಡುತ್ತದೆ, ಬೇಗ ಕೊಟ್ಟುಬಿಡೋಣ. ರಿಸೆಟ್ ಮಾಡುವ ಮುಂಚೆ ಫ್ಲ್ಯಾಗ್ ಬರೆದುಕೊಳ್ಳಬೇಕು. ಈ ಬರೆಯುವ ಕೆಲಸಕ್ಕೆ ನಾವೆಲ್ಲ ಬೈದುಕೊಳ್ಳದ ದಿನವಿಲ್ಲ. ಪೆನ್ನು ಸಿಗಲಿಲ್ಲ. ಮೇಜಿನ ಮೇಲಿಲ್ಲ, ಜೇಬಿನಲ್ಲಿಲ್ಲ. ಬೆಳಿಗ್ಗೆ ಹಳೇ ಲಾಗ್‌ಶೀಟಿನ ಹಿಂದೆ ಓವರ್ ಲೆಕ್ಕ ಗೀಚುತ್ತಾ ಕೂತಿದ್ದೆನಲ್ಲ, ಆ ಹಾಳೆಯ ಕೆಳಗೆ ಸಿಕ್ಕಿತು. ಬರೆದೆ. ರಿಸೆಟ್ ಮಾಡಿದೆ. ಕೈಯನ್ನು ಟಿಎನ್‌ಸಿ, ಅಂದರೆ ಬ್ರೇಕರ್ ಆನ್-ಆಫ್ ಮಾಡುವ ಸ್ವಿಚ್, ಮೇಲೆ ಇಟ್ಟೆ.

ಲ್ಯಾಂಡ್‌ಲೈನ್ ಹೊಡೆದುಕೊಳ್ಳತೊಡಗಿತು.

ಟ್ರಿಪ್ ಹೊತ್ತಿನಲ್ಲಿ ಬರುವ ಫೋನ್ ನಾನು ಎತ್ತುವವನೇ ಅಲ್ಲ. ಮೊದಲು ಚಾರ್ಜ್, ಆಮೇಲೆ ಬೈಸಿಕೊಳ್ಳುವುದು. ಆವತ್ತು ಯಾಕೆ ಎತ್ತಿದೆ ಅಂತ ಎಷ್ಟೋ ಜನ ಕೇಳಿದ್ದಾರೆ, "ಏನೋ ಅನುಮಾನ ಬಂತು ಸಾರ್" ಅಂತ ಹೇಳಿ ಮರ್ಯಾದೆ ಉಳಿಸಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ ಯಾವ ಅನುಮಾನವೂ ಬರಲಿಲ್ಲ. ನಿದ್ದೆಗೆಟ್ಟು ತಲೆ ಸಿಡಿಯುತ್ತಿತ್ತು. ಆ ಹಳೇ ಫೋನಿನ ಗಂಟೆ ತಲೆಯೊಳಗೇ ಹೊಡೆದ ಹಾಗಿತ್ತು. ಅದನ್ನು ನಿಲ್ಲಿಸುವುದಕ್ಕೆ ಎತ್ತಿದೆ.

"ಸಾರ್ ಚಾರ್ಜ್ ಮಾಡ್ಬೇಡಿ! ಮಾಡ್ಬೇಡಿ ಸಾರ್!" ಹೆಲ್ಪರ್ ಹುಡುಗ. ಕಿರುಚುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯಲಿಲ್ಲ.

ಕೈ ತೆಗೆದೆ. ಎರಡು ಪ್ಯಾನೆಲ್ ಆಚೆ ಎಫ್-6ರ ಮೇಲೆ ನಾನೇ ತಗುಲಿಸಿದ ಬೋರ್ಡ್ ಕಂಡಿತು. ಆಗ ಎಲ್ಲಾ ಒಟ್ಟಿಗೇ ಅರ್ಥವಾಯಿತು. ಹೊಟ್ಟೆಯೊಳಗೆ ಐಸು ಸುರಿದ ಹಾಗಾಯಿತು. ಕೇಳಬೇಕು ಅಂತ ಇದ್ದದ್ದು ಒಂದೇ, ಬಾಯಿಂದ ಬರುತ್ತಿಲ್ಲ. ಅಷ್ಟರಲ್ಲಿ ಫೋನ್ ಅಣ್ಣನೇ ಇಸಿದುಕೊಂಡರು.

"ಯಾವ್ದು ಕೊಟ್ಟೆಯಪ್ಪಾ?"

"ಆರು."

"ನಾನ್ ಕೇಳಿದ್ದು ನಾಲ್ಕು."

"ಹೊಸಹಳ್ಳಿ ಅಂದ್ರಿ ಅಣ್ಣ."

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು ಮಗುವಿಗೆ ಹೇಳುವ ಹಾಗೆ, "ಆಯ್ತು. ನಾಲ್ಕರ ಟ್ರಾಲಿ ಎಳಿ. ಎಳೆದು ನೋಡಿ ಬಂದು ಹೊಸ ನಂಬರ್ ಕೊಡು. ನಿಧಾನಕ್ಕೆ ಮಾಡು, ಅವಸರ ಇಲ್ಲ" ಅಂದರು.

ಅವರನ್ನು ಉಳಿಸಿದ್ದು ಡಿಸ್ಚಾರ್ಜ್ ರಾಡ್, ಲೈನನ್ನು ನೆಲಕ್ಕೆ ಜೋಡಿಸುವ ಕೊಕ್ಕೆಯ ಕೋಲು. ಎಲ್‌ಸಿ ಸಿಕ್ಕ ಮೇಲೂ ರಾಡ್ ಹಾಕದೆ ಕಂಬ ಹತ್ತುವ ಪೈಕಿ ಅಲ್ಲ ಅವರು. ಹುಡುಗರು ಇದಕ್ಕೆ ನಗುತ್ತಿದ್ದರು, ಎರಡು ಫರ್ಲಾಂಗಿಗೆ ಯಾರು ಆ ಕೋಲು ಹೊರುತ್ತಾರೆ ಅಂತ. ಅವತ್ತು ಅವರೂ ನಿದ್ದೆ ಮಾಡಿರಲಿಲ್ಲ, ಫೀಡರ್ ನಂಬರ್ ಹೇಳುವುದು ಅವರಿಗೂ ಮರೆತಿತ್ತು. ರಾಡ್ ಮಾತ್ರ ಮರೆಯಲಿಲ್ಲ. ನೆಲಕ್ಕೆ ಅರ್ತ್ ಕಚ್ಚಿಸಿ, ಕೊಕ್ಕೆಯನ್ನು ಲೈನಿಗೆ ಮುಟ್ಟಿಸಿದರು, ಬೆಂಕಿ ಎದ್ದಿತು, ನನ್ನ ಹೂಟರ್ ಹೊಡೆಯಿತು. ನಾನು ಟಿಎನ್‌ಸಿ ತಿರುಗಿಸಿದ್ದರೆ ರಾಡ್ ಇನ್ನೂ ಅವರ ಕೈಯಲ್ಲೇ ಇತ್ತು. ನಿದ್ದೆಯಿಲ್ಲದ ದಿನ ಯೋಚನೆ ಕೈಕೊಡುತ್ತದೆ, ರೂಢಿ ಕೈಕೊಡುವುದಿಲ್ಲ. ಅವರಿಗೆ ರಾಡ್ ರೂಢಿಯಾಗಿತ್ತು, ನನಗೆ ತಿರುಗಿ ಹೇಳಿಸುವುದು ರೂಢಿಯಾಗಿರಲಿಲ್ಲ. ನನ್ನ ರೂಢಿ ಚಾರ್ಜ್ ಮಾಡುವುದು.

ಎರಡು ಗಂಟೆಗೆ ರಿಲೀವ್ ಆಗುವ ಹೊತ್ತಿಗೆ ಅವರೇ ಬಂದರು. ಬೈಯುತ್ತಾರೆ ಅಂತ ಕಾದಿದ್ದೆ. ರಾಡನ್ನು ಮೇಜಿನ ಮೇಲಿಟ್ಟರು. ಕೊಕ್ಕೆಯ ಒಳಭಾಗ ತಿಂದು ಹೋಗಿ, ಹುರುಳಿಕಾಳಿನಷ್ಟು ಲೋಹ ಕರಗಿ ತುದಿಯಲ್ಲಿ ಗುಂಡಗೆ ನಿಂತಿತ್ತು. ಉಗುರಿನಿಂದ ಅದನ್ನು ಕೆರೆದು ತೋರಿಸಿದರು. ಬೆಂಕಿಯ ಝಳಕ್ಕೆ ಹುಬ್ಬಿನ ಕೂದಲು ಸುಟ್ಟು ಸುರುಟಿತ್ತು. "ಟೀ ತರಿಸು" ಅಂದರು. ಲೋಟ ಹಿಡಿದ ನನ್ನ ಕೈ ನಡುಗುವುದನ್ನು ನೋಡಿ ಕಿಟಕಿ ಕಡೆ ತಿರುಗಿ ಕೂತರು.

ಆಮೇಲೆ ಎನ್‌ಕ್ವೈರಿ. ಸಾಹೇಬರು ಲಾಗ್‌ಶೀಟ್ ತಿರುವುತ್ತಾ 7 ಗಂಟೆಯ ಸಾಲಿನಲ್ಲಿ ನಿಂತರು. 208, 200. ತುಂಬಾ ಹೊತ್ತು ನೋಡಿದರು. "ಎಂಟು ಆಂಪಿಯರ್ ಕಡಿಮೆ ಬಿತ್ತಾ?" ಅಂದರು. ನಗಲಿಲ್ಲ. ಅವರ ಕಣ್ಣೂ ಅಷ್ಟೇನೂ ಬಿಳಿಯಾಗಿರಲಿಲ್ಲ. ಆದರೂ ನೋಟಿಸ್ ಕೊಟ್ಟರು, ಕೊಡಬೇಕಾದದ್ದೇ. ಏಜೆನ್ಸಿಯವನು ಮೂರು ದಿನದ ಸಂಬಳ ಹಿಡಿದ, ಅದು ಯಾವ ರೂಲಿನಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಹದಿನೈದು ದಿನಕ್ಕೆ ಒಂದು ಸುತ್ತೋಲೆ ಬಂತು: ಕರ್ತವ್ಯದ ಸಮಯದಲ್ಲಿ ಮೊಬೈಲ್‌ನಲ್ಲಿ ಕ್ರಿಕೆಟ್ ವೀಕ್ಷಿಸತಕ್ಕದ್ದಲ್ಲ. ನಾನು ನೋಡಿದ್ದು ರಜೆಯಲ್ಲಿ, ಮನೆಯಲ್ಲಿ, ಟಿವಿಯಲ್ಲಿ! ಶಿಫ್ಟ್ ಬದಲಿಸಿಕೊಳ್ಳಬಹುದೋ, ನಿದ್ದೆಯಿಲ್ಲದೆ ಬಂದವನನ್ನು ಎಲ್‌ಸಿ ಕೆಲಸದಿಂದ ಬಿಡಿಸಬಹುದೋ ಎಂಬ ಬಗ್ಗೆ ಒಂದಕ್ಷರವಿಲ್ಲ. ಬಿಡಿಸಿದರೆ ಕೊಡುವವರು ಯಾರು, ಶಿಫ್ಟಿಗೆ ಇರುವುದೇ ಒಬ್ಬ. ಸ್ಟಿಕ್ಕರ್ ಮರುವರ್ಷ ಬಂತು, ಎರಡರ ಮೇಲೂ ಬರೀ "ಹೊಸಹಳ್ಳಿ" ಅಂತ ಅಚ್ಚು ಹಾಕಿಸಿಕೊಂಡು. ಅದರ ಪಕ್ಕ ಮಾರ್ಕರಿನಲ್ಲಿ ನಾನೇ "ಮನೆ", "ಪಂಪು" ಅಂತ ಬರೆದೆ.

ಕೆಲವು ವರ್ಷದ ಮೇಲೆ ಒಂದು ಸೇಫ್ಟಿ ಟ್ರೈನಿಂಗಿನಲ್ಲಿ ಹೇಳಿದರು: ಹದಿನೇಳು ಗಂಟೆ ಎಚ್ಚರವಿದ್ದ ಮನುಷ್ಯನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವನಷ್ಟೇ ಮಂಕಾಗಿರುತ್ತದಂತೆ. ನಮ್ಮಲ್ಲಿ ಗಾಡಿ ಓಡಿಸುವವನಿಗೆ 0.03 ದಾಟಿದರೆ ಕೇಸು. ಪಕ್ಕದವನು ನಿದ್ದೆ ಹೊಡೆಯುತ್ತಿದ್ದ. ನಾನು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದೆ, ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದದ್ದು, ಸೋಮವಾರ 9:40. ಇಪ್ಪತ್ತೇಳು ಗಂಟೆ ಮೇಲೆ ಬಂತು. ಸಾರಾಯಿ ಕುಡಿದು ಬಂದಿದ್ದರೆ ಗೇಟಿನಲ್ಲೇ ವಾಪಸ್ ಕಳಿಸುತ್ತಿದ್ದರು. ಮ್ಯಾಚ್ ಸೋತು ಬಂದವನಿಗೆ ಬೀಗದ ಕೈ ಗೊಂಚಲು ಕೊಟ್ಟು ಹೋದರು.

ಈಗ ಎಲ್‌ಸಿ ಕೇಳಿದವರಿಗೆಲ್ಲ ನಾನು ದೊಡ್ಡ ತಲೆನೋವು. ಫೀಡರ್ ನಂಬರ್ ಹೇಳಿ, ಹೆಸರು ಹೇಳಿ, ಮನೆಯೋ ಪಂಪೋ ಹೇಳಿ, ಈಗ ನಾನು ಹೇಳಿದ್ದನ್ನು ತಿರುಗಿ ಹೇಳಿ. "ಇವ್ನು ಮದುವೆ ಸಂಬಂಧ ಕೇಳ್ದಂಗೆ ಕೇಳ್ತಾನೆ" ಅಂತ ಹಿಂದೆ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ.

ಅಣ್ಣ ರಿಟೈರಾದರು. ರಾಡನ್ನು ಸ್ಟೋರಿಗೆ ಒಪ್ಪಿಸಿದರು, ಕರಗಿದ ಕೊಕ್ಕೆ ಬದಲಿಸಿದಾಗ ಹಳೆಯದನ್ನು ನಾನು ಇಸಿದುಕೊಂಡು ಮನೆಯಲ್ಲಿಟ್ಟಿದ್ದೇನೆ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬಿನ ಮೇಲೆ ಆರೇ ಆರು ರನ್ನಿನಿಂದ ಗೆದ್ದೆವಲ್ಲ, ಹದಿನೆಂಟು ವರ್ಷ ಆದಮೇಲೆ. ಮಾರನೇ ದಿನ ಚಿನ್ನಸ್ವಾಮಿಯ ಹೊರಗೆ 11 ಜನ ಸತ್ತದ್ದು ನೆನೆದರೆ ಈಗಲೂ ಸಂಕಟ. ಆದರೆ ಆ ರಾತ್ರಿ ಅದು ಯಾರಿಗೆ ಗೊತ್ತಿತ್ತು, ಊರೆಲ್ಲ ಪಟಾಕಿ. ಆ ಗಲಾಟೆಯಲ್ಲೇ ಫೋನ್ ಬಂತು. ಅಣ್ಣ. ಕಪ್ಪಿನ ಮಾತಿಲ್ಲ, ಕೊಹ್ಲಿಯ ಮಾತಿಲ್ಲ.

"ನಾಳೆ ಯಾವ ಶಿಫ್ಟು ನಿಂದು?"

"ರಜೆ ಹಾಕಿದೀನಿ ಅಣ್ಣ. ಹೋದ ವಾರವೇ ಬರೆದುಕೊಟ್ಟಿದ್ದೆ."

"ಹಂಗಾದ್ರೆ ಕುಣಿ" ಅಂದು ಇಟ್ಟರು.